ಚೀಲ ಬಿಚ್ಚಿ ತಾಯಿ

1985 ಜುಲೈ 24, ಬುಧವಾರ

ಸೋಮವಾರದಿಂದ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅಮ್ಮನಿಗೆ ಹೇಳಿದರೆ ಅವಳು ಇನ್ನಷ್ಟು ಹೆದರುತ್ತಾಳೆ, ಗೆಳತಿಯರಿಗೆ ಹೇಳಿದರೆ ಕೇರಿಗೆಲ್ಲ ಗೊತ್ತಾಗುತ್ತದೆ. ಬೀಜಗಣಿತದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೂ ಹೆಚ್ಚು ಹಾಳೆ ಖಾಲಿ ಇವೆ. ಶಾಲೆಯ ಅಂಗಳದಲ್ಲಿ ಸೈನಿಕರು ಡೇರೆ ಹಾಕಿಕೊಂಡು ಕಾಫಿ ಕಾಯಿಸುತ್ತಿರುವಾಗ ಬೀಜಗಣಿತ ಯಾರಿಗೆ ಬೇಕು. ಇದರಲ್ಲೇ ಬರೆಯುತ್ತೇನೆ.

ಅಣ್ಣನನ್ನು ಹಿಡಿದುಕೊಂಡು ಹೋದರು. ಜೊಲಿಲೆ ನಮ್ಮ ಶಾಲೆಯ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಹಿಡಿಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಹಾಡಹಗಲೇ, ನಡುಬೀದಿಯಲ್ಲಿ, ನನ್ನ ಕಣ್ಣೆದುರೇ ಹಿಡಿಯುತ್ತಾರೆಂದು ಅಂದುಕೊಂಡಿರಲಿಲ್ಲ. ಪೊಲೀಸರ ಆ ಉಕ್ಕಿನ ಗಾಡಿ, ನಾವು ಹಿಪ್ಪೊ ಎನ್ನುವುದು, ಅದರೊಳಗೆ ಅವನನ್ನು ಮೂಟೆಯ ಹಾಗೆ ಎಸೆದರು. ಬಾಗಿಲು ಹಾಕುವ ಮುಂಚೆ ಅವನು ಘೋಷಣೆ ಕೂಗುತ್ತಾನೆಂದು ಜನ ಕಾದಿದ್ದರು. ಅವನು ಕೂಗಿದ್ದು ಇಷ್ಟೇ: "ಫೆಲಿಸ್ವಾ, ಒಲೆ ಮೇಲೆ ಕಾಳು ಇಟ್ಟಿದ್ದೀನಿ ಕಣೇ, ಸೀದು ಹೋಗುತ್ತೆ ನೋಡು." ಓಡಿ ಹೋಗಿ ನೋಡಿದೆ. ಸೀದು ಹೋಗಿತ್ತು.

ಬಿಳಿಯರ ಸರ್ಕಾರ ತುರ್ತು ಪರಿಸ್ಥಿತಿ ಜಾರಿ ಮಾಡಿದೆ. ಹಾಗೆಂದರೆ ಹಿಡಿದವನನ್ನು ಕೋರ್ಟಿಗೆ ತರಬೇಕಿಲ್ಲ, ಎಲ್ಲಿಟ್ಟಿದ್ದೇವೆಂದು ಹೆತ್ತವಳಿಗೂ ಹೇಳಬೇಕಿಲ್ಲ. ಅಮ್ಮ ನಿನ್ನೆಯೂ ಇವತ್ತೂ ಪೇಟೆಯ ಠಾಣೆಯ ಮುಂದೆ ಹೋಗಿ ನಿಂತಳು. "ನಿನ್ನ ಮಗನಾ? ಯಾವ ಮಗ?" ಎಂದು ಕೇಳಿದರಂತೆ. ಅಪ್ಪ ತೀರಿಕೊಂಡು ವರ್ಷಗಳಾದವು. ಅವನಿದ್ದಿದ್ದರೆ ಅವನನ್ನೂ ಹೀಗೇ ಕೇಳುತ್ತಿದ್ದರು.

ಜುಲೈ 28, ಭಾನುವಾರ

ಚರ್ಚಿನಲ್ಲಿ ಸಭೆ. ಕಾಲಿಡಲು ಜಾಗವಿರಲಿಲ್ಲ. ನಾನು ಹಿಂದಿನ ಗೋಡೆಗೆ ಅಂಟಿಕೊಂಡು ನಿಂತಿದ್ದೆ, ಹಿಪ್ಪೊ ಬಂದರೆ ಕಿಟಕಿಯಿಂದ ಹಾರಬಹುದಲ್ಲ ಎಂದು.

ಮಾತಾಡಿದವನು ಲೊಯಿಸೊ, ಅಣ್ಣನ ಗೆಳೆಯ. ಅಣ್ಣನ ಜಾಗಕ್ಕೆ ಈಗ ಅವನೇ. ನಾಳೆಯಿಂದ ಕೇರಿಯವರು ಯಾರೂ ಪೇಟೆಯ ಬಿಳಿಯರ ಅಂಗಡಿಗಳಲ್ಲಿ ಏನನ್ನೂ ಕೊಳ್ಳಬಾರದು. ಹಿಡಿದವರನ್ನೆಲ್ಲ ಬಿಡುವವರೆಗೆ, ಶಾಲೆಯಿಂದ ಸೈನಿಕರು ಎದ್ದು ಹೋಗುವವರೆಗೆ. "ನಮ್ಮ ಹತ್ರ ಬಂದೂಕಿಲ್ಲ. ಚೀಲ ಇದೆ. ಪೇಟೆಗೆ ಕೆಲಸಕ್ಕೆ ಹೋಗಿ, ಚೀಲ ಖಾಲಿ ತಗೊಂಡು ಬನ್ನಿ. ಅಷ್ಟು ಸಾಕು" ಎಂದ. ಬೇಕಾದದ್ದನ್ನು ಕೇರಿಯ ಟೊಯಿಸೆಯ ಅಂಗಡಿಯಲ್ಲೇ ಕೊಳ್ಳಬೇಕು.

"ಟೊಯಿಸೆಗೆ ಕ್ರಿಸ್‌ಮಸ್ ಈಗಲೇ ಬಂತು" ಎಂದರು ಮಾದ್ಲೊಮೊ ದೊಡ್ಡಮ್ಮ. ಸಭೆಯೆಲ್ಲ ನಕ್ಕಿತು.

ಅವರು ನಮ್ಮ ಪಕ್ಕದ ಮನೆಯವರು. ಪೇಟೆಯ ಒಂದು ಮನೆಯಲ್ಲಿ ಬಟ್ಟೆ ಒಗೆಯುತ್ತಾರೆ. ಅಮ್ಮ ಕೆಲಸಕ್ಕೆ ಹೋದಾಗ ಅಣ್ಣನನ್ನೂ ನನ್ನನ್ನೂ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವರು ಅವರೇ.

ಬಸ್ ನಿಲ್ದಾಣದಲ್ಲಿ ಹುಡುಗರು ನಿಂತು ಚೀಲ ನೋಡುತ್ತಾರೆ ಎಂದ ಲೊಯಿಸೊ. ಅಷ್ಟಕ್ಕೆ ಹೆಂಗಸರೆಲ್ಲ ಎದ್ದು ನಿಂತರು. "ನನ್ನ ಚೀಲಕ್ಕೆ ನನ್ನ ಗಂಡನೇ ಕೈ ಹಾಕಿದವನಲ್ಲ, ನಿನ್ನಂಥ ಹೈಕಳು ಹಾಕ್ತಾರಾ?" ಎಂದು ಒಬ್ಬರು ಕೇಳಿದರು. ನಿಜ, ತಾಯಂದಿರ ಚೀಲ ಗಂಡಸರು ಮುಟ್ಟುವುದಲ್ಲ. ಲೊಯಿಸೊ ಪೆಚ್ಚಾಗಿ ಆಚೆ ಈಚೆ ನೋಡಿ, ಕೊನೆಗೆ ಹಿಂದಿನ ಗೋಡೆಯ ಕಡೆ ಕೈ ತೋರಿಸಿದ. "ಜೊಲಿಲೆ ತಂಗಿ ಇದ್ದಾಳಲ್ಲ. ಅವಳು ನೋಡ್ಲಿ."

ಎಲ್ಲರೂ ತಿರುಗಿದರು. ಟೊಯಿಸೆ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳಲಾರದೆ ಮನೆಗೆ ಬರುವವಳು ನಾನು. ಬೇಡ ಎನ್ನಬೇಕಿತ್ತು. ಅಣ್ಣನ ಹೆಸರು ಹೇಳಿದ ಮೇಲೆ ಹೇಗೆ ಅನ್ನಲಿ?

ಜುಲೈ 30, ಮಂಗಳವಾರ

ನಿಲ್ದಾಣದಲ್ಲಿ ಚಳಿಗಾಲದ ಗಾಳಿ ಕೊರೆಯುತ್ತಿತ್ತು. ಟೈರಿಗೆ ಬೆಂಕಿ ಹಾಕಿಕೊಂಡು ನಿಂತಿದ್ದೆವು. ಸಂಜೆಯ ಬಸ್ಸು ಬಂತು. ಒಬ್ಬೊಬ್ಬರಿಗೂ "ಚೀಲ ಬಿಚ್ಚಿ ತಾಯಿ, ಕ್ಷಮಿಸಿ ತಾಯಿ" ಎನ್ನುತ್ತಿದ್ದೆ.

"ನೋಡೇ, ಚೆನ್ನಾಗಿ ನೋಡು" ಎಂದರು ಮಾದ್ಲೊಮೊ ದೊಡ್ಡಮ್ಮ ಚೀಲವನ್ನು ನನ್ನ ಮುಖಕ್ಕೇ ಹಿಡಿದು. "ಒಳಗೆ ನನ್ನ ಹಳೇ ಚಪ್ಪಲಿ ಇದೆ, ಬೇಕಾದ್ರೆ ತಗೋ." ಜನ ನಕ್ಕರು. ಅವರು ನಗಿಸಿದ್ದರಿಂದ ನನ್ನ ಜೀವ ಉಳಿಯಿತು.

ಯಾರ ಚೀಲದಲ್ಲೂ ಏನೂ ಸಿಗಲಿಲ್ಲ. ದೇವರ ದಯೆ. ಸಿಕ್ಕಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಅಣ್ಣನ ಸುದ್ದಿ ಇಲ್ಲ.

ಆಗಸ್ಟ್ 9, ಶುಕ್ರವಾರ

ಈಗ ಕಣ್ಣು ಪಳಗುತ್ತಿದೆ. ಸಕ್ಕರೆಯನ್ನು ಎಲ್ಲಿಡುತ್ತಾರೆ ಗೊತ್ತೇ? ಬೆನ್ನಿಗೆ ಕಟ್ಟಿದ ಮಗುವಿನ ಕಂಬಳಿಯೊಳಗೆ. ಮಗುವಿನ ಕೆಳಗೆ ಇನ್ನೊಂದು ಮಗುವಿನ ಹಾಗೆ ಪೊಟ್ಟಣ ಕೂತಿರುತ್ತದೆ. ಒಬ್ಬರು ಚಹಾಪುಡಿಯನ್ನು ತಲೆವಸ್ತ್ರದೊಳಗೆ ಸುತ್ತಿಕೊಂಡಿದ್ದರು, ಘಮಕ್ಕೇ ಸಿಕ್ಕಿಬಿದ್ದರು. ಇನ್ನೊಬ್ಬರು ಪೇಟೆಯ ಹಿಟ್ಟನ್ನು ಟೊಯಿಸೆಯ ಚೀಲಕ್ಕೆ ಸುರಿದುಕೊಂಡು ಬಂದಿದ್ದರು. ಟೊಯಿಸೆಯ ಹಿಟ್ಟಿನಲ್ಲಿ ಹುಳ ಇರುತ್ತವೆ, ಇದರಲ್ಲಿ ಇರಲಿಲ್ಲ. ಹಾಗೆ ಹೇಳಿದಾಗ ಲೊಯಿಸೊ ಬಿದ್ದು ಬಿದ್ದು ನಕ್ಕ. "ನಿನ್ನಣ್ಣನಿಗಿಂತ ನೀನೇ ಚುರುಕು" ಎಂದ.

ಸಿಕ್ಕಿದ್ದನ್ನು ಬೆಂಕಿಗೆ ಹಾಕುತ್ತೇವೆ. ಹೊಟ್ಟೆಗಿಲ್ಲದ ಕಾಲದಲ್ಲಿ ಸಕ್ಕರೆ ಸುಡುವ ವಾಸನೆ ಬಂದರೆ ಎದೆ ಹಿಂಡುತ್ತದೆ. ಆದರೆ ಪೇಟೆಯ ಅಂಗಡಿಗಳಲ್ಲಿ ನೊಣ ಹಾರುತ್ತಿದೆಯಂತೆ. ಅಮ್ಮನ ಯಜಮಾನಿಯ ಗಂಡನಿಗೆ ಬಟ್ಟೆ ಅಂಗಡಿ ಇದೆ. ಅವನು ಊಟಕ್ಕೆ ಕೂತಾಗ ಪೊಲೀಸರನ್ನೇ ಬೈಯುತ್ತಿದ್ದನಂತೆ, ಹುಡುಗರನ್ನು ಬಿಟ್ಟು ತೊಲಗಿಸಬಾರದೇ ಎಂದು. ಕೇಳಿ ಮೈ ಜುಮ್ಮೆಂದಿತು.

ಆಗಸ್ಟ್ 20, ಮಂಗಳವಾರ

ಇವತ್ತು ಒಬ್ಬಾಕೆಯ ಹತ್ತಿರ ಅಡುಗೆ ಎಣ್ಣೆಯ ಬಾಟಲಿ ಸಿಕ್ಕಿತು. ಎರಡನೆಯ ಸಲ ಸಿಕ್ಕಿಬಿದ್ದವರು. ಹುಡುಗರು ಅದನ್ನು ಅವರಿಗೇ ಕುಡಿಸಿದರು. ಬೇರೆ ಊರುಗಳಲ್ಲಿ ಹೀಗೇ ಮಾಡುತ್ತಾರಂತೆ, ಎಣ್ಣೆ ತಂದವರಿಗೆ ಎಣ್ಣೆ, ಸಾಬೂನು ತಂದವರಿಗೆ ಸಾಬೂನು. ನಾನು ಬೆನ್ನು ತಿರುಗಿಸಿ ನಿಂತೆ. ಮನೆಗೆ ಬಂದು ವಾಂತಿ ಮಾಡಿಕೊಂಡೆ. ಎಣ್ಣೆ ಕುಡಿದವರು ಅವರು, ಕಾರಿದವಳು ನಾನು.

ಅಮ್ಮ ಏನಾಯಿತೆಂದು ಕೇಳಿದಳು. ಸೀದ ಕಾಳು ತಿಂದದ್ದಕ್ಕೆ ಎಂದು ಸುಳ್ಳು ಹೇಳಿದೆ.

ಅಣ್ಣನ ಸುದ್ದಿ ಇಲ್ಲ.

ಆಗಸ್ಟ್ 30, ಶುಕ್ರವಾರ

ಒಂದು ನಿಯಮ ಮಾಡಿದ್ದೇನೆ, ಲೊಯಿಸೊ ಒಪ್ಪಿದ್ದಾನೆ. ಕಿವಿಯಲ್ಲಿ ಮಾತಿಲ್ಲ. ಪ್ರತಿಯೊಬ್ಬಳಿಗೂ ಒಂದು ನೆಪ. ಮಗುವಿಗೆ ಹುಷಾರಿಲ್ಲ, ಅತ್ತೆ ಊರಿಂದ ಬಂದಿದ್ದಾಳೆ, ಯಜಮಾನಿಯೇ ಕೊಟ್ಟದ್ದು. ಹತ್ತಿರ ಬಂದು ಕಿವಿಗೆ ಬಾಯಿಟ್ಟು ಗೋಗರೆಯುತ್ತಾರೆ, ನಾನು ಕರಗುತ್ತೇನೆ, ಹಿಂದೆ ನಿಂತವರು ಇವಳೇನೋ ಒಳಗೊಳಗೇ ವ್ಯವಹಾರ ಮಾಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಹೇಳುವುದಿದ್ದರೆ ಎಲ್ಲರಿಗೂ ಕೇಳುವಂತೆ ಹೇಳಲಿ. ನಿಯಮ ಮಾಡಿದ ಮೇಲೆ ಕೆಲಸ ಬೇಗ ಮುಗಿಯುತ್ತಿದೆ. ಬಸ್ಸು ಇಳಿಯುವಾಗಲೇ ಚೀಲ ಬಿಚ್ಚಿಕೊಂಡು ಬರುತ್ತಾರೆ.

ಒಬ್ಬಳು ಸಾಬೂನು ತಂದಿದ್ದಳು. ತಿಂದಳು. ಹೊಟ್ಟೆ ತೊಳಸಲಿಲ್ಲ.

ಊಟಕ್ಕೆ ಕೂತಾಗ ಉಪ್ಪು ಎಲ್ಲಿ ಎಂದು ಅಮ್ಮನನ್ನು ಕೇಳಿದೆ. "ಮನೇಲಾದ್ರೂ ಮೆಲ್ಲಗೆ ಮಾತಾಡೇ" ಎಂದಳು. ನಾನೇನು ಕೂಗಿದೆನೇ? ಅಮ್ಮನಿಗೆ ಈಚೆಗೆ ಎಲ್ಲದಕ್ಕೂ ಬೆಚ್ಚುವುದು ಅಭ್ಯಾಸವಾಗಿದೆ.

ಸೆಪ್ಟೆಂಬರ್ 5, ಗುರುವಾರ

ಇವತ್ತು ಮಾದ್ಲೊಮೊ ಸಿಕ್ಕಿಬಿದ್ದಳು.

ಮೇಲೆ ಬೀಟ್‌ರೂಟ್ ಸೊಪ್ಪು ಹರಡಿಕೊಂಡಿದ್ದಳು. ಕೆಳಗೆ ಕೆಲಸದ ಏಪ್ರನ್ನಿನಲ್ಲಿ ಸುತ್ತಿದ ಹೊಸ ಬನಿಯನ್, ಹಲ್ಲುಜ್ಜುವ ಪೇಸ್ಟು, ಕಾಗದ ಕೂಡ ಒಡೆಯದ ಪೇಟೆಯ ಸಾಬೂನು. ಮನೆಯಲ್ಲಿ ಒಬ್ಬಳೇ ಇರುವ ಹೆಂಗಸಿಗೆ ಗಂಡಸರ ಬನಿಯನ್ ಯಾಕೆ? ಯಾರಿಗೆ ಎಂದು ಕೇಳಿದೆ. ಅವಳು ನನ್ನ ಭುಜ ಹಿಡಿದು ಹತ್ತಿರ ಎಳೆದುಕೊಂಡು ಕಿವಿಗೆ ಬಾಯಿ ತಂದಳು. ನಾನು ಕೈ ಕೊಡವಿ ಹಿಂದೆ ಸರಿದೆ.

"ಕಿವೀಲಿ ಮಾತಿಲ್ಲ. ಎಲ್ಲರಿಗೂ ಕೇಳೋ ಹಾಗೆ ಹೇಳಿ."

ಅವಳು ಸುತ್ತ ನೋಡಿದಳು. ಹುಡುಗರನ್ನು, ಸಾಲಿನಲ್ಲಿದ್ದ ಹೆಂಗಸರನ್ನು, ಸ್ಟಿಯರಿಂಗ್ ಮೇಲೆ ಮೊಣಕೈ ಊರಿ ತಮಾಷೆ ನೋಡುತ್ತಿದ್ದ ಬಸ್ ಡ್ರೈವರನನ್ನು. ಬಾಯಿ ಮುಚ್ಚಿಕೊಂಡಳು.

ಲೊಯಿಸೊಗೇ ಮುಜುಗರವಾಯಿತು. "ಬಿಡೇ, ವಯಸ್ಸಾದೋರು. ಸಾಮಾನು ಸುಟ್ಟು ಕಳಿಸೋಣ."

"ಪಕ್ಕದ ಮನೆಯೋರು ಅಂತ ಇವರನ್ನ ಬಿಟ್ಟರೆ ನಾಳೆಯಿಂದ ಎಲ್ಲರೂ ಪಕ್ಕದ ಮನೆಯೋರೇ" ಎಂದೆ.

"ಹಂಗಾದ್ರೆ ನೀನೇ ಕೊಡು ಮಗಳೇ, ಆ ಹುಡುಗರ ಕೈಯಿಂದ ಬೇಡ" ಎಂದಳು ಮಾದ್ಲೊಮೊ. ಸಾಬೂನಿನ ಕಾಗದ ಬಿಚ್ಚಿ ನಾನೇ ಕೊಟ್ಟೆ. ಅವಳು ಕಚ್ಚಿ, ಅಗಿದು, ನುಂಗಿದಳು. ಮತ್ತೆ ಕಚ್ಚಿದಳು. ತುಟಿಯ ಮೇಲೆ ನೊರೆ ಬಂತು. ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ಅರ್ಧ ತಿಂದ ಮೇಲೆ ಲೊಯಿಸೊ ಉಳಿದದ್ದನ್ನು ಕಸಿದು ಬೆಂಕಿಗೆ ಎಸೆದ. ಬನಿಯನ್ನೂ ಪೇಸ್ಟೂ ಆಗಲೇ ಉರಿಯುತ್ತಿದ್ದವು.

ನ್ಯಾಯ ಎಂದರೆ ಎಲ್ಲರಿಗೂ ಒಂದೇ. ಅಣ್ಣ ಇದ್ದಿದ್ದರೆ ಭೇಷ್ ಎನ್ನುತ್ತಿದ್ದ.

ಮನೆಯಲ್ಲಿ ಅಮ್ಮ ನನ್ನ ಮುಖ ನೋಡಲಿಲ್ಲ. ಕೇರಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು.

ಸೆಪ್ಟೆಂಬರ್ 6, ಶುಕ್ರವಾರ

ಹೇಗೆ ಬರೆಯಲಿ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬೆಳಗ್ಗೆ ಎದ್ದಾಗ ಅಮ್ಮ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಕೆಲಸಕ್ಕೆ ರಜೆ ಹೇಳಿ ಬಂದಿದ್ದಳಂತೆ. ಎಲ್ಲಿಗೆ ಎಂದು ಕೇಳಿದೆ.

"ನಿನ್ನಣ್ಣ ಬದುಕಿದ್ದಾನೆ" ಎಂದಳು.

ನನಗೆ ಕುಣಿಯಬೇಕೆನಿಸಿತು. ಅವಳ ಮುಖ ನೋಡಿ ಎದುರಿಗೆ ಕೂತೆ.

ಪಕ್ಕದ ಊರಿನ ಜೈಲಿನಿಂದ ಒಬ್ಬ ಮೇಷ್ಟರು ಹೋದ ವಾರ ಬಿಡುಗಡೆಯಾಗಿ ಬಂದಿದ್ದಾರೆ. ಅಣ್ಣ ಅಲ್ಲಿದ್ದಾನೆಂದು ಅಮ್ಮನಿಗೆ ಗುಟ್ಟಾಗಿ ಹೇಳಿ ಕಳಿಸಿದ್ದಾರೆ. ಶುಕ್ರವಾರ ಬೆಳಗ್ಗೆ ಗೇಟಿನಲ್ಲಿ ಬಟ್ಟೆ, ಸಾಬೂನು ತೆಗೆದುಕೊಳ್ಳುತ್ತಾರೆ. ಎಲ್ಲ ಹೊಸದಿರಬೇಕು, ಅಂಗಡಿಯ ಕಾಗದ ಒಡೆದಿರಬಾರದು. ಟೊಯಿಸೆ ಉದ್ದನೆಯ ನೀಲಿ ಸಾಬೂನನ್ನು ಚಾಕುವಿನಲ್ಲಿ ತುಂಡು ಮಾಡಿ ಮಾರುವವನು, ಅದು ನಡೆಯುವುದಿಲ್ಲ. ಕೊಟ್ಟರೆ ಅಣ್ಣ ಹಾಕಿ ಬಿಟ್ಟ ಕೊಳೆ ಬಟ್ಟೆಯನ್ನು ವಾಪಸ್ ಕೊಡುತ್ತಾರೆ.

"ಆ ಕೊಳೆ ಬಟ್ಟೆ ಕೈಗೆ ಬಂದ್ರೆ ಜೀವ ಇದೆ ಅಂತ ಲೆಕ್ಕ" ಎಂದಳು ಅಮ್ಮ. "ನೀನು ಸುಟ್ಟಿದ್ದು ಅವನ ಬನಿಯನ್ನು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬಿಡ್ತಿದ್ಯಾ? ಬಿಟ್ಟಿದ್ರೆ ಅಧ್ಯಕ್ಷನ ಮನೆಗೊಂದು ನ್ಯಾಯ, ಬಡವರ ಮನೆಗೊಂದು ಅಂತ ಜನ ನಿನ್ನ ಮುಖಕ್ಕೆ ಉಗೀತಿದ್ರು. ಬಿಡದೇ ಹೋಗಿದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗ್ತಿರ್ಲಿಲ್ಲ. ಅದಕ್ಕೇ ಮಾದ್ಲೊಮೊ ತಾನು ತರ್ತೀನಿ ಅಂದ್ಲು. ಸಿಕ್ಕಿದ್ರೆ ಅವಳ ಕಿವೀಲಿ ಹೇಳ್ತೀನಿ ಬಿಡು, ನಾ ಎತ್ತಿ ಆಡಿಸಿದ ಹುಡುಗಿ, ನನ್ನ ಮಾತು ಕೇಳ್ತಾಳೆ ಅಂದ್ಲು."

ಇಷ್ಟನ್ನೂ ಅಮ್ಮ ದನಿ ಏರಿಸದೆ ಹೇಳಿದಳು. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಈಗಲೇ ಹೋಗೋಣ, ಆ ಊರಲ್ಲೇ ಕೊಳ್ಳೋಣ ಎಂದೆ. ಅಲ್ಲಿ ಅಂಗಡಿ ತೆರೆಯುವ ಹೊತ್ತಿಗೆ ಜೈಲಿನ ಗೇಟು ಮುಚ್ಚುತ್ತದಂತೆ. ಅಮ್ಮ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಕೆಲಸಕ್ಕೆ ಹೊರಟಳು.

ಆ ಬಸ್ ಡ್ರೈವರ್ ಪೊಲೀಸರಿಗೆ ಸುದ್ದಿ ಕೊಡುವವನೆಂದು ಕೇರಿಗೆಲ್ಲ ಅನುಮಾನವಿದೆ. ಅವನೆದುರು ಆ ಮೇಷ್ಟರ ಹೆಸರು ಬಾಯಿಗೆ ಬರಬಾರದೆಂದು ದೊಡ್ಡಮ್ಮ ಸಾಬೂನು ತಿಂದರು. ನಾನು ಒಂದು ಹೆಜ್ಜೆ ಹಿಂದೆ ಸರಿಯದೇ ಇದ್ದಿದ್ದರೆ ಸಾಕಿತ್ತು.

ಸೆಪ್ಟೆಂಬರ್ 7, ಶನಿವಾರ

ದೊಡ್ಡಮ್ಮನ ಮನೆಗೆ ಹೋದೆ. ಅವರು ಮಂಚದ ಮೇಲೆ ಕೂತು ಹುಳಿ ಹಾಲು ಕುಡಿಯುತ್ತಿದ್ದರು. ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು.

ಅವರು ಗಂಟಲು ಮುಟ್ಟಿ ತೋರಿಸಿದರು. "ಮಾತಾಡಿದ್ರೆ ಉರಿಯುತ್ತೆ" ಎಂದರು. ದನಿ ಅವರದ್ದೇ ಅನ್ನಿಸಲಿಲ್ಲ. "ಈಗ ಹೋಗು."

ಹೋದೆ.

ಸೆಪ್ಟೆಂಬರ್ 8, ಭಾನುವಾರ

ಲೊಯಿಸೊನ ಬಹಿಷ್ಕಾರ ಸಮಿತಿಯ ಮುಂದೆ ಎದ್ದು ನಿಂತೆ. ಜೈಲಿಗೆ ಕಳಿಸುವ ಸಾಮಾನನ್ನು ಬಿಡಬೇಕು, ಯಾಕೆಂದು ಕೇಳಬಾರದು ಎಂದೆ. ದೊಡ್ಡ ವಾದ ಆಗುತ್ತದೆಂದು ಮನಸ್ಸಿನಲ್ಲೇ ಉತ್ತರಗಳನ್ನು ಕಲಿತುಕೊಂಡು ಹೋಗಿದ್ದೆ.

"ಅದಕ್ಕೇನಂತೆ, ಬಿಡೋಣ. ಮೊದಲೇ ಯಾರಾದ್ರೂ ಕೇಳಿದ್ರೆ ಬಿಡ್ತಿದ್ವಲ್ಲ" ಎಂದ ಲೊಯಿಸೊ. ಎಲ್ಲರೂ ತಲೆಯಾಡಿಸಿದರು. ಮುಂದಿನ ವಿಷಯಕ್ಕೆ ಹೋದರು.

ಇನ್ನು ನಾನು ನಿಲ್ದಾಣಕ್ಕೆ ಬರುವುದಿಲ್ಲ ಎಂದೆ. ನನ್ನ ಜಾಗಕ್ಕೆ ಎಂಟನೇ ತರಗತಿಯ ನೊಬಾಂಡ್ಲಾಳನ್ನು ಹಾಕಿದರು. ಎಲ್ಲೆಲ್ಲಿ ಹುಡುಕಬೇಕೆಂದು ಅವಳು ನನ್ನನ್ನು ಕೇಳಿದಳು. ಮಗುವಿನ ಕಂಬಳಿಯ ವಿಷಯ ಹೇಳಲಿಲ್ಲ. ಅವಳಿಗೆ ಆಗಲೇ ಗೊತ್ತಿತ್ತು.

ಸೆಪ್ಟೆಂಬರ್ 13, ಶುಕ್ರವಾರ

ಅಮ್ಮ, ನಾನು ಕತ್ತಲಿರುವಾಗಲೇ ಬಸ್ಸು ಹತ್ತಿ ಹೋದೆವು. ಜೈಲಿನ ಗೇಟಿನಲ್ಲಿ ಹೆಂಗಸರ ಸಾಲು. ಒಬ್ಬೊಬ್ಬರೂ ಪೊಟ್ಟಣ ಕೊಟ್ಟು, ಕೊಳೆ ಬಟ್ಟೆಯ ಗಂಟು ಇಸಿದುಕೊಳ್ಳುತ್ತಿದ್ದರು. ಇಸಿದುಕೊಂಡವರು ಅಲ್ಲೇ ನಿಂತು ಗಂಟು ಬಿಚ್ಚಿ ಅಂಗಿಯನ್ನು ಮೂಸಿ ನೋಡುತ್ತಿದ್ದರು, ತಮ್ಮ ಹುಡುಗನದ್ದೇ ಹೌದೋ ಅಲ್ಲವೋ ಎಂದು. ಅಮ್ಮ ಹೊಸ ಬನಿಯನ್ನನ್ನು ಎದೆಗೆ ಒತ್ತಿಕೊಂಡಿದ್ದಳು. ಕಾಗದ ಸುಕ್ಕಾಗುತ್ತದೆ ಎಂದರೂ ಕೇಳಲಿಲ್ಲ.

ನಮ್ಮ ಸರದಿ ಬಂತು. ವಾರ್ಡರ್ ಹೆಸರು ಕೇಳಿ ಒಳಗೆ ಹೋಗಿ ಬಂದ. "ಇಲ್ಲಿಲ್ಲ. ಸೋಮವಾರ ಸಾಗಿಸಿದ್ರು."

"ಎಲ್ಲಿಗಪ್ಪ?"

"ನನಗೆ ಹೇಳ್ತಾರಾ? ಹೋದ ಶುಕ್ರವಾರ ಬಂದಿದ್ರೆ ಬಟ್ಟೆ ಸಿಗ್ತಿತ್ತು. ಪಕ್ಕಕ್ಕೆ ನಿಂತ್ಕೊಳ್ಳಿ."

ಅವನು ಕೆಟ್ಟದಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಅಮ್ಮ ಪಕ್ಕಕ್ಕೆ ನಿಂತಳು. ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು, ಆದರೆ ಕಿಟಕಿಯ ಕಡೆಯಿಂದ ತಿರುಗಲಿಲ್ಲ. ಅಮ್ಮ, ನನ್ನನ್ನು ಬೈಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಸೆಪ್ಟೆಂಬರ್ 20, ಶುಕ್ರವಾರ

ಇನ್ನೊಂದು ಜೈಲಿಗೆ ಹೋಗಿ ಕೇಳಿದೆವು. ಇಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಇಲ್ಲ.

ಅಕ್ಟೋಬರ್ 11, ಶುಕ್ರವಾರ

ಸಮುದ್ರದ ದಡದಲ್ಲಿ ಒಬ್ಬ ಹುಡುಗನ ಹೆಣ ಸಿಕ್ಕಿದೆಯಂತೆ, ಎತ್ತರದ ಹುಡುಗನಂತೆ. ಜೊಲಿಲೆ ಎತ್ತರ. ನೋಡಲು ಹೊರಟ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಗಂಟಲಿಗೆ ಬಟ್ಟೆ ಸುತ್ತಿಕೊಂಡು ದೊಡ್ಡಮ್ಮ ಬಂದರು. "ನೀನು ಕೂತ್ಕೊ, ನಾನು ನೋಡಿ ಬರ್ತೀನಿ. ಅವನ ಮೈ ತೊಳೆದವಳು ನಾನು, ನನಗೆ ಗೊತ್ತಾಗುತ್ತೆ" ಎಂದರು. ನನ್ನ ಕಡೆ ತಿರುಗಿ, "ನೀನೂ ಬಾ" ಎಂದರು. ಅವತ್ತು ಹೋಗು ಎಂದ ಮೇಲೆ ಅವರು ನನಗೆ ಹೇಳಿದ ಮೊದಲ ಮಾತು ಅದು.

ಶವಾಗಾರದ ಹೊರಗೆ ಬೆಂಚಿನ ಮೇಲೆ ಕೂತು ನಾನು ಪ್ರಾರ್ಥಿಸಿದೆ. ಅವನಾಗಿರಬಾರದು ಎಂದಷ್ಟೇ. ಅವನಲ್ಲದಿದ್ದರೆ ಇನ್ನೊಬ್ಬ ತಾಯಿಯ ಮಗ ಎಂದು ಆಮೇಲೆ ಹೊಳೆಯಿತು. ಆದರೂ ಪ್ರಾರ್ಥನೆ ಬದಲಿಸಲಿಲ್ಲ. ದೊಡ್ಡಮ್ಮ ಹೊರಗೆ ಬಂದು ಅಲ್ಲ ಎಂದು ತಲೆಯಾಡಿಸಿದರು. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಅಕ್ಟೋಬರ್ 29, ಮಂಗಳವಾರ

ನೊಬಾಂಡ್ಲಾ ಇವತ್ತು ಅಮ್ಮನ ಚೀಲವನ್ನು ರಸ್ತೆಗೇ ಸುರಿದಳಂತೆ. ಏನೂ ಇರಲಿಲ್ಲ. ಅಮ್ಮ ಮಂಡಿಯೂರಿ ಒಂದೊಂದನ್ನೇ ಆರಿಸಿಕೊಂಡು ಬಂದಳು. ಸಿಟ್ಟು ನೆತ್ತಿಗೇರಿ ಚಪ್ಪಲಿ ಮೆಟ್ಟಿ ಹೊರಟೆ. ಬೀದಿಯ ತಿರುವಿನವರೆಗೆ ಹೋಗಿ ವಾಪಸ್ ಬಂದೆ. ಯಾವ ಮುಖ ಇಟ್ಟುಕೊಂಡು ಅವಳನ್ನು ಬೈಯಲಿ?

ನವೆಂಬರ್ 16, ಶನಿವಾರ

ಬಂದ. ಅಣ್ಣ ಬಂದ. ಗೇಟು ತೆಗೆದುಕೊಂಡು, ಪಕ್ಕದ ಬೀದಿಗೆ ಹೋಗಿದ್ದವನ ಹಾಗೆ ಒಳಗೆ ಬಂದ.

ಪೇಟೆಯ ವ್ಯಾಪಾರಿಗಳು ತಾವೇ ಪೊಲೀಸರ ಕಾಲು ಹಿಡಿದರಂತೆ. ಒಂದಷ್ಟು ಜನರನ್ನು ಬಿಟ್ಟಿದ್ದಾರೆ. ಅದಕ್ಕೇ ಬಹಿಷ್ಕಾರವನ್ನು ಸದ್ಯಕ್ಕೆ ನಿಲ್ಲಿಸಿದ್ದಾರೆ. ನಮ್ಮ ಖಾಲಿ ಚೀಲಗಳು ಅವನನ್ನು ಬಿಡಿಸಿ ತಂದವು. ಇದು ನಿಜ. ಇದನ್ನು ಇನ್ನೊಂದು ಸಲ ಬರೆದುಕೊಳ್ಳಬೇಕೆನಿಸುತ್ತಿದೆ. ಇದು ನಿಜ.

ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಬಾಗಿಲು ಬಡಿದರೆ ಗೋಡೆಗೆ ಒತ್ತಿಕೊಳ್ಳುತ್ತಾನೆ.

ನವೆಂಬರ್ 17, ಭಾನುವಾರ

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು, ದೊಡ್ಡಮ್ಮನೂ ಇದ್ದರು. ಅಣ್ಣ ಉಣ್ಣುತ್ತಲೇ, ಯಾರನ್ನೂ ನೋಡದೆ, ಹೇಳತೊಡಗಿದ. ಒಂದು ಶುಕ್ರವಾರ ಅಧಿಕಾರಿ ಅವನನ್ನು ಕರೆಸಿ, ಎಲ್ಲರ ಮನೆಯಿಂದ ಬಂದ ಪೊಟ್ಟಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದನಂತೆ. "ಎಲ್ಲರ ತಾಯಂದಿರೂ ಬಂದಿದ್ದಾರೆ, ನಿನ್ನವಳು ಬಂದಿಲ್ಲ ನೋಡು. ನೀನು ನಮಗೆ ಮಾರಿಕೊಂಡಿದ್ದೀಯ ಅಂತ ಕೇರಿಯವರು ನಂಬಿದ್ದಾರೆ. ಇನ್ಯಾರನ್ನ ಉಳಿಸೋಕೆ ಬಾಯಿ ಮುಚ್ಕೊಂಡಿದ್ದೀಯ?" ಲೊಯಿಸೊನ ಮೇಲೆ ಸಾಕ್ಷಿ ಹೇಳುತ್ತೇನೆಂದು ಸಹಿ ಹಾಕಬೇಕಿತ್ತಂತೆ.

"ಪೆನ್ನು ಕೈಗೆ ತಗೊಂಡಿದ್ದೆ" ಎಂದ ಅಣ್ಣ. "ಆಮೇಲೆ ಯಾಕೋ ಕೆಳಗಿಟ್ಟೆ. ಅದಕ್ಕೇ ಅಲ್ಲಿಂದ ಸಾಗಿಸಿದ್ರು." ನಂತರ ಮೆಲ್ಲಗೆ ಕೇಳಿದ, "ಅವತ್ತು ಯಾಕಮ್ಮ ಬರಲಿಲ್ಲ? ಸುದ್ದಿ ಮುಟ್ಟಲಿಲ್ವಾ?"

"ಜ್ವರ ಬಂದಿತ್ತು ಕಣೋ" ಎಂದಳು ಅಮ್ಮ.

"ಜ್ವರ ಅಂದ್ರೆ ಜ್ವರಾನಾ, ಮೈ ಕೆಂಡ" ಎಂದರು ದೊಡ್ಡಮ್ಮ. "ನಾನೇ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದೆ."

ಅಣ್ಣ ತಲೆಯಾಡಿಸಿ ತುತ್ತು ಎತ್ತಿದ. ಅಲ್ಲಿಗೆ ಮುಗಿದಿತ್ತು. ಇಬ್ಬರೂ ಸೇರಿ ನನ್ನನ್ನು ಉಳಿಸಿದ್ದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಜ್ವರ ಅಲ್ಲ ಅಣ್ಣ" ಎಂದೆ. ಪೂರ್ತಿ ಹೇಳಿದೆ. ಭುಜ ಹಿಡಿದದ್ದು, ಕೈ ಕೊಡವಿದ್ದು, ಕಾಗದ ಬಿಚ್ಚಿ ಕೈಗೆ ಕೊಟ್ಟದ್ದು. ಅಮ್ಮ ಸಾಕು ಬಿಡೇ ಎಂದಳು. ಬಿಡಲಿಲ್ಲ.

ಅಣ್ಣ ಚಮಚ ಕೆಳಗಿಟ್ಟು ದೊಡ್ಡಮ್ಮನನ್ನು ನೋಡಿದ. "ನನ್ನ ಸಾಬೂನನ್ನ ನೀವು ತಿಂದ್ರಾ ದೊಡ್ಡಮ್ಮ?"

"ಅರ್ಧ ಮಾತ್ರ. ಉಪ್ಪು ಕಮ್ಮಿ ಇತ್ತು."

ಅವನು ನಕ್ಕ. ನಗುನಗುತ್ತಲೇ ಅಳತೊಡಗಿದ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು.

ನವೆಂಬರ್ 20, ಬುಧವಾರ

ಅಣ್ಣ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಇವತ್ತು ನಾನು ಒಲೆಯ ಮುಂದೆ ಇದ್ದಾಗ ಬಂದು, ಕಟ್ಟಿಗೆ ತುಂಡನ್ನು ಒಳಗೆ ತಳ್ಳಿ ಹೋದ.

ನವೆಂಬರ್ 30, ಶನಿವಾರ

ಸಂಜೆ ಲೊಯಿಸೊ ಬಂದಿದ್ದ. ಒಳಗಿರುವವರಲ್ಲಿ ಅರ್ಧದಷ್ಟು ಜನರನ್ನೂ ಬಿಟ್ಟಿಲ್ಲ, ಮೊನ್ನೆ ಮತ್ತೆ ಕೆಲವರನ್ನು ಹಿಡಿದಿದ್ದಾರೆ. ಸೋಮವಾರದಿಂದ ಮತ್ತೆ ಬಹಿಷ್ಕಾರ. ಅಣ್ಣ ಅವನ ಪಕ್ಕದಲ್ಲಿ ಕೂತು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ. ನಾನೂ ಒಳಗಿಂದಲೇ ಹೂಂಗುಟ್ಟುತ್ತಿದ್ದೆ. ಬೇಡ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಅಲ್ಲಿ ಇನ್ನೂ ಯಾರ ಯಾರ ಅಣ್ಣಂದಿರು ಇದ್ದಾರೆ.

"ನಿಲ್ದಾಣಕ್ಕೆ ಹುಡುಗಿ ಬೇಕು" ಎಂದ ಲೊಯಿಸೊ. "ನೊಬಾಂಡ್ಲಾ ವಿಷಯದಲ್ಲಿ ದೂರು ತುಂಬ. ಇನ್ನೊಬ್ಬಳನ್ನ ನೋಡ್ಬೇಕು." ಅವನು ನನ್ನ ಕಡೆ ನೋಡಲಿಲ್ಲ, ಪಾಪ. ನೋಡದಿರಲು ಕಷ್ಟಪಡುತ್ತಿದ್ದ.

"ನಾನು ಬೇಡ" ಎಂದೆ. "ನನಗೆ ಆ ಯೋಗ್ಯತೆ ಇಲ್ಲ."

ಹೊಸ್ತಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ದೊಡ್ಡಮ್ಮ ತಲೆಯೆತ್ತದೆ ಮಾತಾಡಿದರು. ಅವರ ದನಿ ಇನ್ನೂ ಸರಿಹೋಗಿಲ್ಲ, ಇನ್ನು ಹೋಗುವುದೂ ಇಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. "ಇವಳೇ ನಿಲ್ಲಲಿ" ಎಂದರು.

ಅಣ್ಣ ನನ್ನ ಮುಖ ನೋಡಿದ, ಬಂದ ಮೇಲೆ ಮೊದಲ ಸಲ ನೇರವಾಗಿ.

"ಇವಳು ಕಲಿತಾಗಿದೆ" ಎಂದರು ದೊಡ್ಡಮ್ಮ. "ಇನ್ನೊಬ್ಬಳು ಮೊದಲಿಂದ ಕಲಿಯೋಕೆ ಕೊಡೋಣ ಅಂದ್ರೆ ನನ್ನ ಹತ್ರ ಇನ್ನೊಂದು ಗಂಟಲಿಲ್ಲ."

ನಾನು ಹೋಗಿ ಅವರ ಪಕ್ಕದಲ್ಲಿ ಕೂತು, ಮಡಿಲಿಂದ ಒಂದು ಹಿಡಿ ಬಟಾಣಿ ತೆಗೆದುಕೊಂಡೆ. ಕಣ್ಣು ಮಂಜಾಗಿ ಸಿಪ್ಪೆ ಯಾವುದು ಕಾಳು ಯಾವುದು ತಿಳಿಯುತ್ತಿರಲಿಲ್ಲ. ಹೂಂ ಎಂದೆ.